ಹೊಸ ನೀರಿನ ಹಾವಸೆ

ಹೊಸ ಮನೆಗೆ ಒಕ್ಕಲಾದವರನ್ನು ಕಾಣಲು ಮೊದಲು ಬರುವವರು ನೆಂಟರಿಷ್ಟರೆಂದು ಲೋಕವು ತಿಳಿದಿದೆ. ನೆಂಟರಿಗಾದರೋ ಕರೆಯೋಲೆ ಬೇಕು. ಇರುವೆ, ಜೇಡ, ಹಲ್ಲಿಗಳಿಗೆ ಅದೂ ಬೇಡ. ಗೋಡೆಯ ಸುಣ್ಣ ಆರುವ ಮೊದಲೇ ಅವು ತಮತಮಗೆ ಬೇಕಾದ ಮೂಲೆಗಳನ್ನು ಹಿಡಿದುಕೊಂಡು ಸಂಸಾರ ಹೂಡಿರುತ್ತವೆ. ಹೊಸತಾಗಿ ತೋಡಿದ ಕೆರೆಗೆ ತಾವರೆ ಬರುವ ಮೊದಲು ಹಾವಸೆ ಬರುತ್ತದೆ. ಹೊಸತಾಗಿ ಅಗೆದ ಹಿತ್ತಿಲಿಗೆ ಮಲ್ಲಿಗೆ ಬರುವ ಮೊದಲು ಗರಿಕೆ ಬರುತ್ತದೆ. ಸೃಷ್ಟಿಯಲ್ಲಿ ಬರಿದಾದ ಎಡೆಯೆಂಬುದು ಹೆಚ್ಚು ಹೊತ್ತು ಬರಿದಾಗಿ ಉಳಿಯುವುದಿಲ್ಲ. ಈ ಮಾತನ್ನು ನಾನು ಎಷ್ಟೋ ಕಡೆ ಓದಿದ್ದರೂ ಅದು ಮನಸ್ಸಿಗೆ ನಾಟಿದುದು ಕಳೆದೊಂದು ವರ್ಷದಲ್ಲಿ, ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದರ ಸಹವಾಸದಿಂದ.

ಉದ್ಯೋಗದಿಂದ ಬಿಡುಗಡೆಯಾದ ತಂದೆಗೆ ಕಾಲಕ್ಷೇಪಕ್ಕೊಂದು ಹವ್ಯಾಸ ಬೇಕೆಂದು ನನ್ನ ಮಗಳು ಬೆಂಗಳೂರಿನಿಂದ ಅದನ್ನು ಕಳುಹಿಸಿಕೊಟ್ಟಳು. ಉದ್ದ ಮೂರಡಿ, ಅಗಲ ಒಂದೂವರೆ ಅಡಿ, ಎತ್ತರವೂ ಅಷ್ಟೆ. ಹಿಡಿಯುವ ನೀರು ಸುಮಾರು ೧೮೦ ಲೀಟರು. ನೀರನ್ನು ಸದಾ ತಿರುಗಿಸುತ್ತಿರಲು ಎರಡು ಪಂಪುಗಳು, ಮೇಲೊಂದು ನೀಲಿ ಬೆಳಕಿನ ದೀಪ, ನಮ್ಮ ಊರಿನ ಸೆಕೆಯಿಂದ ನೀರನ್ನು ಕಾಪಾಡುವುದಕ್ಕೊಂದು ತಂಪಿನ ಯಂತ್ರ. ಸಿಹಿನೀರಿನ ಬಣ್ಣದ ಮೀನುಗಳನ್ನಿಡುವ ತೊಟ್ಟಿ ಇದಲ್ಲ. ಹವಳದ ದಿಬ್ಬದ ಒಂದು ತುಣುಕನ್ನು ಮನೆಯೊಳಗೆ ಬದುಕಿಸಿ ನೋಡಬೇಕೆನ್ನುವವರ ತೊಟ್ಟಿ. ಕೊಡಿಯಾಲ್‌ಬೈಲಿನ ನಮ್ಮ ಚಾವಡಿಯಲ್ಲಿ ಅದನ್ನು ಇರಿಸಿದಾಗ, ಕಡಲು ಕೂಗಳತೆಯಲ್ಲಿರುವ ಊರಿನಲ್ಲಿ ಕಡಲನ್ನು ಗಾಜಿನೊಳಗೆ ಕೂಡಿಹಾಕುವ ಹುಚ್ಚು ಏಕೆಂದು ನೆರೆಯವರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಆದರೆ ನಮ್ಮದು ಕೆಸರು ಬೆರೆತ ಕಡಲು. ಮಳೆಗಾಲದಲ್ಲಿ ನೇತ್ರಾವತಿಯೂ ಗುರುಪುರದ ಹೊಳೆಯೂ ಘಟ್ಟದ ಮಣ್ಣನ್ನು ತಂದು ಅಳಿವೆಯಲ್ಲಿ ಸುರಿಯುವಾಗ ಹವಳದ ದಿಬ್ಬವು ಅಲ್ಲಿ ಕಟ್ಟಲಾರದು. ಈ ರಾಜ್ಯದಲ್ಲಿ ಅದನ್ನು ಕಾಣಬಯಸುವವರು ಮುರ್ಡೇಶ್ವರದಲ್ಲಿ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗು ಹಾಕಬೇಕು. ಅರುವತ್ತು ದಾಟಿದವನು ಆ ಸಾಹಸಕ್ಕೆ ಹೊರಡುವುದುಂಟೆ?

ಈ ಹುಚ್ಚು ಹೊಸತೂ ಅಲ್ಲ. ೧೮೪೬ರಲ್ಲಿ ಆನ್ನಾ ಥಿನ್ ಎಂಬ ಆಂಗ್ಲ ಮಹಿಳೆಯೊಬ್ಬಳು ಟಾರ್ಕಿಯ ಕಡಲತಡಿಯಿಂದ ಹವಳದ ಜೀವಿಗಳನ್ನು ಲಂಡನ್ನಿನ ತನ್ನ ಮನೆಗೆ ಕೊಂಡೊಯ್ದು ಸಾಕಿದಳು. ಆಗ ವಿದ್ಯುತ್ತಿನ ಪಂಪುಗಳಿರಲಿಲ್ಲ. ಕಿಟಕಿಯ ಬಳಿ ನಿಂತು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎರೆದು ಗಾಳಿಯಾಡಿಸುವುದು ಮನೆಯ ಕೆಲಸದವಳ ಪಾಲಿಗೆ ಬಂದಿತು. ಮುಂದೆ ೧೮೫೪ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ಈ ವಿಷಯವಾಗಿ ಬರೆದ ಪುಸ್ತಕವು ಇಂಗ್ಲೆಂಡಿನ ಮನೆಮನೆಗಳಲ್ಲಿ ಗಾಜಿನ ಕಡಲುಗಳನ್ನು ಹುಟ್ಟಿಸಿತು. ಆದರೂ ಹವಳವನ್ನು ತೊಟ್ಟಿಯಲ್ಲಿ ಉಳಿಸಿಕೊಳ್ಳುವ ಗುಟ್ಟು ನೂರು ವರ್ಷ ಕಳೆದರೂ ಬಹುಮಂದಿಗೆ ಹೊಳೆಯಲಿಲ್ಲ. ಜಕಾರ್ತದ ಲೀ ಚಿನ್ ಎಂಗ್ ಎಂಬಾತನು ೧೯೬೧ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ಅವನ ಉಪಾಯ ಅತಿ ಸರಳ: ಕಡಲಿನ ಕಲ್ಲುಗಳನ್ನು ತೊಳೆದು ಬಿಳುಪು ಮಾಡದೆ, ಅವುಗಳ ಮೇಲೆ ಬದುಕುವ ಸಮಸ್ತ ಕ್ಷುದ್ರಜೀವಿಗಳ ಸಹಿತವಾಗಿ ತೊಟ್ಟಿಯಲ್ಲಿರಿಸುವುದು. ಇತರರು ಯಾವುದನ್ನು ಕೊಳೆಯೆಂದು ಉಜ್ಜಿ ತೆಗೆಯುತ್ತಿದ್ದರೋ ಅದೇ ಅವನ ತೊಟ್ಟಿಯನ್ನು ನಡೆಸುತ್ತಿದ್ದಿತು.

ನಮ್ಮಲ್ಲಿ ಅವನ ದಾರಿಯನ್ನು ಅಕ್ಷರಶಃ ಹಿಡಿಯುವಂತಿಲ್ಲ, ಹಿಡಿಯಲೂ ಬಾರದು. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವನ್ನೂ ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಿದ್ದಾರೆ; ಹುಲಿಗೆ ದೊರೆತ ರಕ್ಷಣೆಯೇ ಅವಕ್ಕೂ ದೊರೆತಿದೆ. ಆದುದರಿಂದ ಕಡಲಿನಿಂದ ಏನನ್ನೂ ಕಿತ್ತು ತರಬಾರದೆಂಬ ನಿಯಮವನ್ನು ಮೊದಲೇ ಮಾಡಿಕೊಂಡೆನು. ಕಲ್ಲುಗಳು ಆವಿಗೆಯಲ್ಲಿ ಸುಟ್ಟ ರಂಧ್ರಮಯವಾದ ಕೃತಕ ಕಲ್ಲುಗಳು. ನಮ್ಮೂರಿನ ಮುರಕಲ್ಲು ಎಷ್ಟೇ ತೂತುಗಳುಳ್ಳದಾದರೂ ಅದರಲ್ಲಿ ಕಬ್ಬಿಣದ ಅಂಶ ಹೆಚ್ಚಾದುದರಿಂದ ಅದನ್ನು ಹೊರಗೇ ಇಟ್ಟೆನು. ಮೀನುಗಳು ಮನುಷ್ಯರ ಕೈಯಲ್ಲಿಯೇ ಮೊಟ್ಟೆಯೊಡೆದು ಬೆಳೆದ ಒಂದು ಜೊತೆ ಕೋಡಂಗಿ ಮೀನುಗಳು. ಹವಳದ ಬಂಧುವರ್ಗದಲ್ಲಿ ಮೈ ಮೆತ್ತನೆಯದಾದ, ಗುಂಡಿಯಂತೆ ದುಂಡಗಿರುವ ಝೊಆಂಥಸ್ ಎಂಬ ಜೀವಿಗಳು ಮಾತ್ರ. ಅವೂ ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದು ಕವಲೊಡೆದವು. ಇಷ್ಟನ್ನೂ ನಿರ್ಜೀವವಾದ ಕಲ್ಲಿನಿಂದ, ಪೊಟ್ಟಣದ ಉಪ್ಪಿನಿಂದ ಆರಂಭಿಸಬೇಕಾದುದರಿಂದ, ಕಡಲು ತನ್ನ ಯುಗಯುಗಗಳಲ್ಲಿ ನಡೆಸಿದ ಸಂಸ್ಥಾಪನಾಕಾರ್ಯವನ್ನು ಈ ತೊಟ್ಟಿಯು ಚಾವಡಿಯ ಮೂಲೆಯಲ್ಲಿ ತಾನಾಗಿ ಮೊದಲಿನಿಂದ ನಡೆಸಬೇಕಾಯಿತು. ಅದನ್ನು ನೋಡುವುದೇ ನನ್ನ ಪಾಲಿನ ವಿದ್ಯೆಯಾಯಿತು.

ದೀಪಾವಳಿ ಕಳೆದ ವಾರ ನೀರು ತುಂಬಿದೆವು. ಆರು ಕಿಲೋಗ್ರಾಮಿಗಿಂತ ಹೆಚ್ಚು ಉಪ್ಪು ಕರಗಿತು. ಚಿಟಿಕೆ ಮೀನಿನ ಆಹಾರವನ್ನು ಕೊಳೆಯಲೆಂದು ಹಾಕಿದುದಾಯಿತು. ಮೂರನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ನೋಡಬಂದವರು “ಕೆಟ್ಟಿತು” ಎಂದರು. ನಿಜವಾಗಿ ಅದು ಜೀವದ ಮೊದಲ ಹೆಜ್ಜೆ. ಕೊಳೆತುದನ್ನು ತಿನ್ನುವ ಬ್ಯಾಕ್ಟೀರಿಯಗಳು ಅರ್ಧ ತಾಸಿನೊಳಗೆ ಇಮ್ಮಡಿಯಾಗಬಲ್ಲವು. ಊಟವಿರುವಷ್ಟು ಹೊತ್ತು ನೆರೆದು, ಅದು ಮುಗಿದೊಡನೆ ಸಂತೆಯಂತೆ ಕರಗಿಹೋಗುತ್ತವೆ. ನಾಲ್ಕು ದಿನಗಳಲ್ಲಿ ನೀರು ತಿಳಿಯಾಯಿತು. ಆದರೆ ತಿಳಿಯಾದ ಆ ನೀರೇ ಅತ್ಯಂತ ವಿಷಮಯವಾದ ನೀರು; ಏತಕ್ಕೆಂದರೆ ಕೊಳೆತದ್ದರಿಂದ ಹುಟ್ಟಿದ ಅಮೋನಿಯವು ಕಣ್ಣಿಗೆ ಕಾಣದೆ ಅದರಲ್ಲಿ ತುಂಬಿತ್ತು. ಅದನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳ ಕುಲವೇ ಬೇರೆ. ೧೮೯೦ರಲ್ಲಿ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿಯು ಅವುಗಳನ್ನು ಬೇರ್ಪಡಿಸಿ ತೋರಿಸಿದನು. ಅವು ಅವಸರವರಿಯದ ಒಕ್ಕಲುಗಳು; ಇಮ್ಮಡಿಯಾಗುವುದಕ್ಕೆ ಅರ್ಧ ತಾಸಿನ ಬದಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಐದು ವಾರಗಳ ಕಾಲ ನಾನು ದಿನವೂ ಗಾಜಿನ ನಳಿಕೆಯಲ್ಲಿ ಹನಿ ಬೆರೆಸಿ ಬಣ್ಣ ನೋಡುತ್ತಿದ್ದೆನು. ಆರನೆಯ ವಾರ ಅಮೋನಿಯವೂ ನೈಟ್ರೈಟೂ ಇಲ್ಲವಾದವು. ಆ ಬಳಿಕವೇ ಮೀನುಗಳು ಮನೆಗೆ ಬಂದವು.

ಇನ್ನು ಕಣ್ಣಿಗೆ ಕಾಣುವ ಅತಿಥಿಗಳ ಸರದಿ. ಪುಷ್ಯಮಾಸದಲ್ಲಿ ಬಿಳಿಯ ಮರಳಿನ ಮೇಲೆಲ್ಲ ಕಂದುಬಣ್ಣದ ಧೂಳು ಹರಡಿತು. ಇವು ಡಯಾಟಮುಗಳು; ಸಿಲಿಕದಿಂದ, ಎಂದರೆ ಗಾಜಿನ ಮೂಲದ್ರವ್ಯದಿಂದಲೇ, ತಮ್ಮ ಮನೆಗಳನ್ನು ಕಟ್ಟಿಕೊಳ್ಳುವ ಏಕಕೋಶದ ಪಾಚಿ. ಹೊಸ ಮರಳಿನಿಂದಲೂ, ತುಂಬೆಯ ಅಣೆಕಟ್ಟಿನಿಂದ ನಮ್ಮ ನಲ್ಲಿಗೆ ಬರುವಂತಹ ಹೊಳೆಯ ನೀರಿನಿಂದಲೂ ಕರಗಿ ಬಂದ ಸಿಲಿಕವೇ ಅವಕ್ಕೆ ಸಾಮಗ್ರಿ. ಸೋಸಿ ಶುದ್ಧಪಡಿಸಿದ ನೀರನ್ನು ಬಳಸಿದರೆ ಅವುಗಳ ಆಯುಸ್ಸು ಕಡಿಮೆಯಾಗುವುದು. ಹಾಗಿದ್ದರೂ ಅವು ಬಂದು, ಇದ್ದ ಸಿಲಿಕವನ್ನೆಲ್ಲ ಖರ್ಚುಮಾಡಿ, ಮೂರು ವಾರಗಳಲ್ಲಿ ತಾವಾಗಿಯೇ ಹೊರಟುಹೋದವು. ಮಾಘದಲ್ಲಿ ಕಲ್ಲುಗಳ ಮೇಲೆ ಹಸುರು ಕೂದಲು ಬೆಳೆಯಿತು. ಇದಕ್ಕೆ ಬೇಕಾದುದು ಬೆಳಕು, ನೈಟ್ರೇಟು, ಫಾಸ್ಫೇಟು. ಮೀನಿನ ಆಹಾರದಲ್ಲಿ ಈ ಎರಡೂ ಧಾರಾಳ. ಮೀನುಗಳಿಗೆ ದಿನಕ್ಕೆ ಎರಡು ಸಲದ ಊಟವನ್ನು ಒಂದು ಸಲಕ್ಕಿಳಿಸಿ, ದೀಪವನ್ನು ಹತ್ತು ಗಂಟೆಯ ಬದಲು ಆರು ಗಂಟೆ ಉರಿಸಿ, ಬುಗುರಿಯ ಆಕಾರದ ಎಂಟು ಕಡಲ ಬಸವನಹುಳುಗಳನ್ನು ತರಿಸಿ ಬಿಟ್ಟೆನು. ಸಂಜೆ ದೀಪವಾರಿದ ಮೇಲೆ ಅವು ಗಾಜಿನ ಮೇಲೆ ಏರಿ, ನೇಗಿಲು ಹೋದಂತೆ ಸಾಲುಸಾಲಾಗಿ ಮೇಯುತ್ತಿದ್ದುದನ್ನು ನೋಡುವುದು ಮನೆಯವರೆಲ್ಲರಿಗೂ ಒಂದು ವಿನೋದವಾಯಿತು.

ಆದರೆ ಫಾಲ್ಗುಣದಲ್ಲಿ ಬಂದುದು ವಿನೋದದ ವಸ್ತುವಾಗಿರಲಿಲ್ಲ. ಒಂದು ಬೆಳಿಗ್ಗೆ ಮರಳಿನ ಮೂಲೆಯಲ್ಲಿ ಕುಂಕುಮಗೆಂಪಿನ ಲೋಳೆಯ ತೇಪೆ ಕಾಣಿಸಿತು. ಹತ್ತು ದಿನಗಳಲ್ಲಿ ಅದು ಹೊದಿಕೆಯಂತೆ ಹಬ್ಬಿ ಕಲ್ಲುಗಳ ಬುಡವನ್ನೂ, ಬಳಿಕ ಝೊಆಂಥಸ್‌ಗಳ ಅಂಚನ್ನೂ ಮುಚ್ಚತೊಡಗಿತು. ಮುಚ್ಚಲ್ಪಟ್ಟ ಜೀವಿಗಳು ಅರಳಲಿಲ್ಲ. ವಾಸನೆಯೂ ಹಿತವಾಗಿರಲಿಲ್ಲ. ಮನೆಯಲ್ಲಿ, ತೊಟ್ಟಿಯನ್ನು ಬರಿದುಮಾಡಿ ಅಟ್ಟಕ್ಕೇರಿಸುವ ಮಾತು ಬಂದಿತು. ಜೀವಗಳನ್ನು ಕರೆತಂದು ಆಶ್ರಯಕೊಟ್ಟ ಮೇಲೆ ಅವು ಉಸಿರುಕಟ್ಟುವುದನ್ನು ನೋಡುತ್ತ ಕುಳಿತಿರುವುದು ಸಣ್ಣ ಸಂಕಟವಲ್ಲ. ಊರಿಂದೂರಿಗೆ ಸಾಮಾನು ಕಳುಹಿಸುವ ವ್ಯಾಪಾರಿಯೊಬ್ಬನು ಫೋನಿನಲ್ಲಿ, ಒಂದು ಪೊಟ್ಟಣದ ಪುಡಿಯನ್ನು ಹಾಕಿದರೆ ಎರಡು ದಿನಗಳಲ್ಲಿ ತೊಟ್ಟಿ ಕನ್ನಡಿಯಾಗುವುದೆಂದನು. ಪುಡಿಯೇನೆಂದು ವಿಚಾರಿಸಿದಾಗ ಅದು ಎರಿತ್ರೊಮೈಸಿನ್ ಎಂದು ತಿಳಿಯಿತು. ನಾವು ಗಂಟಲುಬೇನೆಗೆ ವೈದ್ಯರಿಂದ ತರುವ ಔಷಧ.

ಪಾಚಿಗೆ ಗಂಟಲುಬೇನೆಯ ಔಷಧವೇಕೆಂದು ವಾಚಕರು ಕೇಳಬಹುದು. ಈ ಕೆಂಪು ಲೋಳೆಯು ಪಾಚಿಯೇ ಅಲ್ಲ. ಬೆಳಕನ್ನುಂಡು ಬದುಕುವ ಬ್ಯಾಕ್ಟೀರಿಯ. ಸೈಯನೊಬ್ಯಾಕ್ಟೀರಿಯವೆಂದು ಅದರ ಹೆಸರು. ಹಿಂದಿನವರು ನೀಲಿಹಸುರು ಪಾಚಿಯೆನ್ನುತ್ತಿದ್ದರು. ಭೂಮಿಯಲ್ಲಿ ಇದಕ್ಕಿಂತ ಹಳೆಯ ಮನೆತನಗಳು ಕೆಲವೇ ಇವೆ. ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಈ ಭೂಮಿಯ ಗಾಳಿಗೆ ಆಮ್ಲಜನಕವನ್ನು ತುಂಬಲಾರಂಭಿಸಿದುದು ಇದರ ಪೂರ್ವಿಕರೇ. ಗಿಡಮರಗಳ ಎಲೆಯೊಳಗಿನ ಹಸುರು ಕಣಗಳೂ ಇದೇ ವಂಶದಿಂದ ಬಂದವು. ಔಷಧವು ಇದನ್ನು ಕೊಲ್ಲುವುದೇನೋ ನಿಜ. ಆದರೆ ಐದು ವಾರ ಕಾದು ನೆಲೆಗೊಳಿಸಿದ, ಅಮೋನಿಯವನ್ನು ಉಣ್ಣುವ ಆ ನಿಧಾನಸ್ಥ ಒಕ್ಕಲುಗಳೂ ಬ್ಯಾಕ್ಟೀರಿಯಗಳೇ. ಒಂದರ ಮೇಲೆ ಎಸೆದ ಕಲ್ಲು ಇನ್ನೊಂದನ್ನು ಬಿಟ್ಟುಹೋಗುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ನಾನು ಪುಡಿಯನ್ನು ತರಿಸಲಿಲ್ಲ.

ಆ ದಿನಗಳಲ್ಲಿ ನನ್ನ ತಾಯಿಯು ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ವಯಸ್ಸು ಎಂಬತ್ತೆಂಟು. ಕೊಡಿಯಾಲ್‌ಬೈಲು ಹೆಸರಿಗೆ ತಕ್ಕಂತೆ ಬೈಲಾಗಿದ್ದ ಕಾಲವನ್ನು ಕಂಡವರು. ಈಗಿನ ಓದುಗರಿಗೆ ಆ ಶಬ್ದವನ್ನು ಬಿಡಿಸಿ ಹೇಳಬೇಕಾದೀತು. ತುಳುನಾಡಿನ ಗದ್ದೆಗಳು ಮೂರು ಬಗೆ: ಮಳೆಯೊಂದನ್ನೇ ನೆಚ್ಚಿ ಒಂದು ಬೆಳೆ ಕೊಡುವ ಎತ್ತರದ ಬೆಟ್ಟು, ಎರಡು ಬೆಳೆಯ ಮಜಲು, ತಗ್ಗಿನಲ್ಲಿ ನೀರು ನಿಂತು ಎಣೆಲು, ಸುಗ್ಗಿ, ಕೊಳಕೆಯೆಂದು ಮೂರು ಬೆಳೆಗಳನ್ನೂ ಕೊಡಬಲ್ಲ ಬೈಲು. ೧೮೮೦ರಲ್ಲಿ ಸ್ಥಾಪನೆಯಾದ ಸಂತ ಅಲೋಶಿಯಸ್ ಕಾಲೇಜು ನಿಂತಿರುವ ಗುಡ್ಡದ ಕೆಳಗೆ, ಇಂದು ಮಹಡಿಗಳು ಎದ್ದಿರುವ ತಗ್ಗಿನಲ್ಲಿ, ನೀರು ನಿಂತು ಪೈರು ಬೆಳೆಯುತ್ತಿದ್ದುದನ್ನು ನನ್ನ ತಾಯಿ ನೆನೆಯುವುದುಂಟು. ಕೆಂಪು ಲೋಳೆಯನ್ನು ನೋಡಿ ಅವರು ಹೇಳಿದುದಿಷ್ಟು: “ಗದ್ದೆಯ ನೀರಿನಲ್ಲಿಯೂ ಹೀಗೆ ಹಾವಸೆ ಕಟ್ಟುತ್ತಿತ್ತು. ಬಣ್ಣ ಬೇರೆ. ಅದನ್ನು ಯಾರೂ ತೆಗೆಯುತ್ತಿರಲಿಲ್ಲ. ಉಳುವಾಗ ಮಣ್ಣಿಗೇ ಸೇರಿಹೋಗುತ್ತಿತ್ತು.”

ಆ ಮಾತಿನ ಹಿಂದೆ ದೊಡ್ಡದೊಂದು ಸತ್ಯವಿದೆ. ಗೊಬ್ಬರವನ್ನೇ ಕಾಣದ ಬತ್ತದ ಗದ್ದೆಗಳು ವರ್ಷವರ್ಷವೂ ಬೆಳೆ ಕೊಡುವುದು ಹೇಗೆಂಬುದು ಕೃಷಿವಿಜ್ಞಾನಿಗಳಿಗೆ ಬಹುಕಾಲದ ಒಗಟಾಗಿತ್ತು. ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಈ ನೀಲಿಹಸುರು ಕುಲವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮಣ್ಣಿಗೆ ಕೂಡಿಸುತ್ತದೆಯೆಂದು ೧೯೩೯ರಲ್ಲಿ ಪಿ. ಕೆ. ದೇ ಎಂಬ ನಮ್ಮ ದೇಶದ ವಿಜ್ಞಾನಿಯು ಪ್ರಯೋಗದಿಂದ ತೋರಿಸಿಕೊಟ್ಟರು. ಇಂದು ಅದನ್ನು ಬೆಳೆಸಿ, ಒಣಗಿಸಿ, ಗೊಬ್ಬರವಾಗಿ ರೈತರಿಗೆ ಕೊಡುವ ಪದ್ಧತಿಯೂ ಇದೆ. ಬೈಲಿನಲ್ಲಿ ಅನ್ನದಾತನಾದವನೇ ಚಾವಡಿಯಲ್ಲಿ ಪೀಡೆಯಾಗಿ ಬಂದು ಕುಳಿತಿದ್ದನು. ಅವನ ಸ್ವಭಾವದಲ್ಲಿ ವ್ಯತ್ಯಾಸವೇನೂ ಇಲ್ಲ. ನೀರು ನಿಂತಲ್ಲಿ ಅವನು ಬರುತ್ತಾನೆ. ತೊಟ್ಟಿಯನ್ನು ಗಮನಿಸಿದಾಗ ತೇಪೆಗಳಿದ್ದುದು ಪಂಪಿನ ಹರಿವು ತಲಪದ ಮೂಲೆಗಳಲ್ಲಿಯೇ. ಪಂಪಿನ ಮುಖವನ್ನು ಆ ಕಡೆಗೆ ತಿರುಗಿಸಿದೆನು. ವಾರಕ್ಕೊಮ್ಮೆ ಕೊಳವೆಯಿಂದ ಲೋಳೆಯನ್ನು ಹೀರಿ ತೆಗೆದು, ತೊಟ್ಟಿಯ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸಿದೆನು. ಇದು ಏಳು ವಾರಗಳ ಕೆಲಸ. ಲೋಳೆ ಹಿಮ್ಮೆಟ್ಟಿದ ಅಂಗುಲದಂಗುಲ ಜಾಗದಲ್ಲಿಯೂ ಕಲ್ಲಿನ ಮೇಲೆ ನಸುನೇರಿಳೆಯ ಸುಣ್ಣಪಾಚಿಯ ಚುಕ್ಕೆಗಳು ಮೂಡಿದವು. ಆ ಎಡೆಯು ಈಗ ಬರಿದಲ್ಲ. ಅಲ್ಲಿ ಕೆಂಪು ಲೋಳೆಗೆ ಮತ್ತೆ ಆಸ್ಪದವಿರಲಿಲ್ಲ.

ಬೇಗನೆ ಶುಚಿಯಾಗಬೇಕೆಂಬ ಹಂಬಲವು ಎಲ್ಲಿಗೆ ಮುಟ್ಟಿಸಬಹುದೆಂಬುದನ್ನು ಬಿಜೈಯಲ್ಲಿರುವ ಮಿತ್ರರೊಬ್ಬರ ತೊಟ್ಟಿಯಲ್ಲಿ ಕಂಡೆನು. ಅವರು ಶಿಸ್ತಿನ ಮನುಷ್ಯರು. ಔಷಧವನ್ನೂ ಹಾಕಿ, ಫಾಸ್ಫೇಟನ್ನು ಹೀರುವ ಹರಳುಗಳನ್ನೂ ಇರಿಸಿ, ನೈಟ್ರೇಟು ಫಾಸ್ಫೇಟುಗಳೆರಡನ್ನೂ ಸೊನ್ನೆಗಿಳಿಸಿದ್ದರು. ಹದಿನೈದು ದಿನ ಆ ತೊಟ್ಟಿಯು ಚಿತ್ರದಲ್ಲಿ ಬರೆದಂತಿತ್ತು. ಅನಂತರ ಗಾಳಿಗುಳ್ಳೆಗಳನ್ನು ಹೊತ್ತ ಕಂದು ಲೋಳೆಯೊಂದು ಎಳೆಯೆಳೆಯಾಗಿ ಇಳಿಬಿದ್ದಿತು. ಅದನ್ನು ಮೆಯ್ದ ಬಸವನಹುಳುಗಳು ಒಂದೊಂದಾಗಿ ಸತ್ತವು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಡೈನೊಫ್ಲಾಜೆಲೇಟುಗಳ ಸೈನ್ಯ. ಇತರ ಪಾಚಿಗಳು ಹಸಿದು ಸತ್ತ ನೀರಿನಲ್ಲಿ ಎದುರಾಳಿಗಳಿಲ್ಲದೆ ಏಳುವ ಜಾತಿಯಿದು. ಕೆಲವಕ್ಕೆ ವಿಷವೂ ಉಂಟು. ಈ ವರ್ಗದ ವಿಷವೇನೆಂಬುದನ್ನು ನಮ್ಮ ಕರಾವಳಿ ಒಮ್ಮೆ ದುಃಖದಿಂದ ಅರಿತಿದೆ: ೧೯೮೩ರಲ್ಲಿ ಕುಂಬಳೆಯ ಅಳಿವೆಯ ಮರುವಾಯಿ ತಿಂದವರು ಅಸ್ವಸ್ಥರಾಗಿ, ಬಾಲಕನೊಬ್ಬನು ಪ್ರಾಣ ನೀಗಿದನು, ಮರುವಾಯಿಯ ಮೈಯಲ್ಲಿ ಸೇರಿದ ವಿಷವು ಇಂತಹ ಸೂಕ್ಷ್ಮಜೀವಿಗಳದೆಂದು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿದ್ವಾಂಸರು ವರದಿಮಾಡಿದರು. ನನ್ನ ಮಿತ್ರರ ತೊಟ್ಟಿ ಸರಿಹೋದ ಬಗೆಯು ಕೇಳತಕ್ಕುದಾಗಿದೆ. ಹರಳುಗಳನ್ನು ತೆಗೆದು ನೈಟ್ರೇಟು ಫಾಸ್ಫೇಟುಗಳನ್ನು ಅವರು ತುಸು ಏರಿಸಿದರು. ಸಿಲಿಕವನ್ನು ಬೆರೆಸಿ, ಮೊದಲು ಓಡಿಸಿದ ಕಂದುಧೂಳಿನ ಡಯಾಟಮುಗಳನ್ನು ಕೈಮುಗಿದು ಮರಳಿ ಕರೆದರು. ಅವು ಬಂದು ಎಡೆ ಹಿಡಿದ ಮೇಲೆ ವಿಷದವು ತಗ್ಗಿದವು.

ಇಲ್ಲಿಗೆ ಕತೆ ಮುಗಿದಿದ್ದರೆ ಡೈನೊಫ್ಲಾಜೆಲೇಟುಗಳನ್ನಾದರೂ ನಿಸ್ಸಂದೇಹವಾಗಿ ದುಷ್ಟರೆನ್ನಬಹುದಿತ್ತು. ಅದೂ ಆಗದು. ಹವಳದ ಜೀವಕೋಶಗಳೊಳಗೆ ನೆಲಸಿ, ಬಿಸಿಲಿನಲ್ಲಿ ಸಕ್ಕರೆಯನ್ನು ಪಾಕಮಾಡಿ ಅದರ ಆಹಾರದ ಬಹುಭಾಗವನ್ನು ಒದಗಿಸುವ ಪಾಚಿಯೂ ಡೈನೊಫ್ಲಾಜೆಲೇಟೇ. ಹವಳದ ಕಂದು, ಹಸುರು ಛಾಯೆಗಳೆಲ್ಲ ಬಹುಮಟ್ಟಿಗೆ ಆ ಬಾಡಿಗೆದಾರನವು. ನನ್ನ ಝೊಆಂಥಸ್‌ಗಳು ಬದುಕಿರುವುದೂ ಅವನ ದುಡಿಮೆಯಿಂದ. ಹೊರಗೆ ಬಂದು ಹೊದಿಕೆಯಾದರೆ ಮಾರಿ, ಒಳಗೆ ಕುಳಿತು ಅಡಿಗೆ ಮಾಡಿದರೆ ಗೃಹಲಕ್ಷ್ಮಿ. ಕಡಲು ಕಾದು ಹವಳವು ಬಳಲಿದಾಗ ಈ ನಂಟು ಹರಿಯುತ್ತದೆ. ಪಾಚಿಯು ಹೊರಬೀಳುತ್ತದೆ, ಹವಳವು ಹಾಲಿನಂತೆ ಬೆಳ್ಳಗಾಗುತ್ತದೆ. ಅರಿಯದವನು ಆ ಶುಭ್ರತೆಯನ್ನು ಮೆಚ್ಚಿಯಾನು. ಅದು ಹಸಿವಿನ ಬಿಳುಪು.

ಇದು ನಮಗೆ ದೂರದ ಸಂಗತಿಯೆಂದು ತಿಳಿಯಬಾರದು. ಈ ಜಿಲ್ಲೆಗೆ ಒಂದು ಕಾಲದಲ್ಲಿ ತನ್ನವೇ ಆದ ಹವಳದ ದ್ವೀಪಗಳಿದ್ದವು. ಅಮಿನಿ, ಕದಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಅಮಿನ್‌ದೀವಿ ದ್ವೀಪಗಳು ೧೯೫೬ರ ನವೆಂಬರ್ ೧ರಂದು ಲಕ್ಷದ್ವೀಪದ ಕೇಂದ್ರಾಡಳಿತಕ್ಕೆ ಸೇರುವ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು. ಅಲ್ಲಿಯ ಜನರು ಹಾಯಿದೋಣಿಗಳಲ್ಲಿ ನಾರಿನ ಹುರಿಯನ್ನು ಮಂಗಳೂರಿನ ಧಕ್ಕೆಗೆ ತಂದು ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮ ಜಿಲ್ಲೆಯ ನೆರೆಹೊರೆಯವರಾಗಿದ್ದ ಆ ದ್ವೀಪಸಮೂಹದ ಕಡಲಿನಲ್ಲಿ ೧೯೯೮ರಲ್ಲಿ ಹವಳಗಳು ಸಾಲುಸಾಲಾಗಿ ಬೆಳ್ಳಗಾದವು; ೨೦೧೦ರಲ್ಲಿ, ೨೦೧೬ರಲ್ಲಿ, ೨೦೨೪ರಲ್ಲಿ ಮತ್ತೆ ಹಾಗೆಯೇ ಆಯಿತು. ಚಾವಡಿಯಲ್ಲಿ ನೀರು ಬಿಸಿಯಾದರೆ ತಂಪಿನ ಯಂತ್ರದ ಗುಂಡಿಯೊತ್ತಿದರಾಯಿತು. ಅಲ್ಲಿ ಒತ್ತುವುದಕ್ಕೆ ಗುಂಡಿಯಿಲ್ಲ. ತೊಟ್ಟಿಯ ಎದುರು ಕುಳಿತಾಗ ನನ್ನ ಮನಸ್ಸಿಗೆ ಹೆಚ್ಚಿನ ಭಾರವನ್ನು ತರುವ ವಿಚಾರವಿದು.

ಹೊಸತಾಗಿ ಈ ಹವ್ಯಾಸಕ್ಕೆ ಇಳಿಯುವವರು ನನ್ನಲ್ಲಿ ಉಪಾಯ ಕೇಳುವುದುಂಟು. ನಾನು ಹೇಳುವುದು ಸ್ವಲ್ಪವೇ: ಶುದ್ಧವಾದ ನೀರು, ಮಿತವಾದ ಊಟ, ಮೂಲೆಮೂಲೆಗೂ ಮುಟ್ಟುವ ಹರಿವು, ಹೆಚ್ಚೆಂದರೆ ಹತ್ತರಲ್ಲೊಂದು ಪಾಲು ನೀರಿನ ಬದಲಾವಣೆ, ಬಂದವರ ಕುಲಗೋತ್ರಗಳನ್ನು ವಿಚಾರಿಸದೆ ಪುಡಿ ಹಾಕದಿರುವುದು, ಒಂದು ವರ್ಷದ ತಾಳ್ಮೆ. ಈಗ ತೊಟ್ಟಿಗೆ ಹದಿಮೂರು ತಿಂಗಳು. ಝೊಆಂಥಸ್‌ಗಳು ಒಂಬತ್ತಿದ್ದವು ನಲುವತ್ತರ ಮೇಲಾಗಿವೆ. ಕೆಂಪು ಲೋಳೆಯ ಬೆರಳಗಲದ ತೇಪೆಯೊಂದು ಎಡಮೂಲೆಯಲ್ಲಿ ಇನ್ನೂ ಇದೆ; ಅದು ದೊಡ್ಡದಾಗದಷ್ಟು ದಿನ ಇರಲಿ ಎಂದು ಬಿಟ್ಟಿದ್ದೇನೆ. ಪ್ರತಿ ಭಾನುವಾರ ಮುಂದಿನ ಗಾಜನ್ನು ಒರಸುತ್ತೇನೆ. ಹಿಂದಿನ ಗಾಜನ್ನು ಮಾತ್ರ ಮುಟ್ಟುವುದಿಲ್ಲ. ಅದು ಹಸುರಾಗಿಯೇ ಇದೆ. ಅದನ್ನು ಬಸವನಹುಳುಗಳಿಗೆ ಉಂಬಳಿ ಬಿಟ್ಟಿದೆ.